ಫ್ಲಟರ್‌ನಲ್ಲಿ ಮಾಡಿದ ಆ್ಯಪ್‌ನಲ್ಲಿ ಸ್ಕ್ರೀನ್ ಬಿಟ್ಟು ಬಂದರೂ ಟೈಮರ್ ಓಡುತ್ತಲೇ ಇದೆ, ನಿಲ್ಲಿಸುವುದು ಹೇಗೆ?

ಬ್ಯಾಕ್ ಒತ್ತಿದರೆ ಸ್ಕ್ರೀನ್ ಹೋಗುತ್ತದೆ, ಟೈಮರ್ ತಾನಾಗಿ ಹೋಗಲ್ಲ. ಓಟಿಪಿ ಪುಟದ 30 ಸೆಕೆಂಡ್ ಕೌಂಟ್‌ಡೌನ್ ಅಂದುಕೊಳ್ಳಿ. 12ಕ್ಕೆ ಬಂದಾಗ ನೀವು ಹಿಂದೆ ಬಂದಿರಿ. ಟೈಮರ್ ಮಾತ್ರ 11, 10 ಅಂತ ಎಣಿಸುತ್ತಾ, ಇಲ್ಲದ ಪುಟದ ಮೇಲೆ ಸೆಟ್‌ಸ್ಟೇಟ್ (ಪುಟವನ್ನು ಹೊಸದಾಗಿ ತೋರಿಸು ಎನ್ನುವ ಮೆಥಡ್) ಕರೆಯುತ್ತದೆ. ಎರರ್ ಬರುವುದು ಅದಕ್ಕೇ.

ಟೈಮರನ್ನು ಸ್ಟೇಟ್ ಕ್ಲಾಸಿನ ವೇರಿಯಬಲ್‌ನಲ್ಲಿ ಹಿಡಿದಿಡಿ. ಪುಟ ಪೂರ್ತಿ ಹೋಗುವಾಗ ಫ್ಲಟರ್ ಕರೆಯುವ ಡಿಸ್ಪೋಸ್ ಮೆಥಡ್‌ನಲ್ಲಿ ಮೊದಲು ಅದರ ಕ್ಯಾನ್ಸಲ್ ಕರೆಯಿರಿ, ಆಮೇಲೆ ಸೂಪರ್ ಡಿಸ್ಪೋಸ್. ಅಷ್ಟೇ.

ಸುಮ್ನೆ ‘ಮೌಂಟೆಡ್’ (ಪುಟ ಇನ್ನೂ ಇದೆಯಾ ಅನ್ನುವ) ಚೆಕ್ ಹಾಕಿದರೆ ಸಾಲದು. ಎರರ್ ಮಾಯವಾಗುತ್ತದೆ, ಟೈಮರ್ ಓಡುತ್ತಲೇ ಇರುತ್ತದೆ. ನಾನೂ ಮೊದಮೊದಲು ಹಾಗೇ ಮಾಡುತ್ತಿದ್ದೆ!

ಇನ್ನೊಂದು: ಪುಶ್ ಮಾಡಿ ಮೇಲೆ ಹೊಸ ಸ್ಕ್ರೀನ್ ತೆರೆದರೆ ಕೆಳಗಿನದರ ಡಿಸ್ಪೋಸ್ ನಡೆಯುವುದೇ ಇಲ್ಲ, ಅದಿನ್ನೂ ಸ್ಟ್ಯಾಕ್‌ನಲ್ಲೇ (ಒಂದರ ಮೇಲೊಂದು ಇಟ್ಟ ಸ್ಕ್ರೀನ್‌ಗಳ ಸಾಲಿನಲ್ಲೇ) ಇರುತ್ತದೆ ಅಲ್ವಾ? ಅಲ್ಲಿ ಪುಶ್‌ಗೆ ಮುಂಚೆ ನೀವೇ ಕ್ಯಾನ್ಸಲ್ ಮಾಡಿ, ವಾಪಸ್ ಬಂದಾಗ ಬೇಕಿದ್ದರೆ ಮತ್ತೆ ಶುರು ಮಾಡಿ.