ಮೃದಂಗದ ಗುಮ್ಕಿ ಮನೆಯಲ್ಲೂ ಕೇಳಿಸಬೇಕಾದರೆ

ಕಛೇರಿಯ ಧ್ವನಿಮುದ್ರಣವನ್ನು ಮನೆಯ ಸ್ಟೀರಿಯೋದಲ್ಲಿ ಕೇಳುವಾಗ ಮೃದಂಗದ ಗುಮ್ಕಿ, ಅಂದರೆ ಅದರ ಎಡಬದಿಯಿಂದ ಹೊಮ್ಮುವ ತೇಲುವ ತಗ್ಗು ನಾದ, ಸೊರಗಿದಂತಿರುತ್ತದೆ, ಇನ್ನೂ ದೊಡ್ಡ ಆಂಪ್ಲಿಫೈಯರ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಹಣ ಖರ್ಚು ಮಾಡಬೇಡಿ. ಮೊದಲು ಕುರ್ಚಿಯನ್ನು ಸರಿಸಿ ನೋಡಿ. ತಾವು ಬರೆದಂತೆ ಸ್ಪೀಕರುಗಳ ಹಿಂದಿನ ಗೋಡೆಗೂ ಎದುರು ಗೋಡೆಗೂ 10 ಅಡಿ ಅಂತರವಿದ್ದು, ತಾವು ನಟ್ಟನಡುವೆ ಕೂರುತ್ತಿದ್ದರೆ, ಆ ಗೋಡೆಗಳ ನಡುವೆ ಸುಮಾರು 56 ಹರ್ಟ್ಜ್‌ನಲ್ಲಿ ಏಳುವ ಸ್ಥಾಯೀ ತರಂಗವು (ಗೋಡೆಯಿಂದ ಗೋಡೆಗೆ ಪುಟಿದು ನಿಂತಲ್ಲೇ ನಿಂತಂತಿರುವ ಶಬ್ದದಲೆ) ಸರಿಯಾಗಿ ಅಲ್ಲಿಯೇ ತೀರ ಕ್ಷೀಣವಾಗಿರುತ್ತದೆ; ಆದ್ದರಿಂದ ಶಕ್ತಿಯನ್ನು ಎಷ್ಟು ಹೆಚ್ಚಿಸಿದರೂ ಆ ಸುತ್ತಿನ ತಗ್ಗು ನಾದ ತಮ್ಮ ಕಿವಿಗೆ ತುಂಬಿ ಬರುವುದಿಲ್ಲ. ಆಸನವನ್ನು ತಮ್ಮ ಬೆನ್ನ ಹಿಂದಿನ ಗೋಡೆಯಿಂದ ಮೂರೂವರೆ ಅಡಿಯಷ್ಟು ದೂರಕ್ಕೆ ಒಯ್ದು, ಸ್ಪೀಕರುಗಳೆರಡೂ ತಾವೂ ಸಮಬಾಹು ತ್ರಿಭುಜದ ಮೂರು ಮೂಲೆಗಳಾಗುವಂತೆ ಜೋಡಿಸಿ, ಟ್ವೀಟರುಗಳನ್ನು (ಸ್ಪೀಕರಿನೊಳಗೆ ಎತ್ತರದ ಸ್ವರಗಳನ್ನು ನುಡಿಸುವ ಪುಟ್ಟ ಭಾಗ) ಕಿವಿಯ ಎತ್ತರಕ್ಕೆ ತನ್ನಿರಿ. ಸ್ಪೀಕರುಗಳನ್ನು ಕೋಣೆಯ ಮೂಲೆಗೆ ಒತ್ತಿಡಬೇಡಿ, ಏಕೆಂದರೆ ಆಗ ತಗ್ಗು ನಾದ ಅತಿಯಾಗಿ ಉಬ್ಬಿ ತಂಬೂರಿಯ ಜೀವಾಳವನ್ನೇ ಮುಚ್ಚಿಬಿಡುತ್ತದೆ, ನನ್ನ ಮಟ್ಟಿಗೆ ಅದು ಗುಮ್ಕಿ ಕಳೆದುಕೊಳ್ಳುವುದಕ್ಕಿಂತಲೂ ದೊಡ್ಡ ನಷ್ಟ. ಧ್ವನಿಯ ಮಟ್ಟವನ್ನು ಗಾಯಕರು ಎದುರಿಗೆ ಕುಳಿತು ಹಾಡಿದರೆ ಎಷ್ಟು ಕೇಳಿಸುವುದೋ ಅಷ್ಟಕ್ಕೆ ನಿಲ್ಲಿಸಿ. ಇನ್ನೊಂದು ಮಾತು: ಸಭಾಂಗಣದ ಮಿಕ್ಸರಿನಿಂದ ನೇರವಾಗಿ ತೆಗೆದ ಮುದ್ರಣದಲ್ಲಿ ಸಭೆಯ ಅನುರಣನ (ಗೋಡೆಗಳಿಂದ ಮರಳಿ ಬಂದು ಉಳಿಯುವ ನಾದ) ಬಹುಮಟ್ಟಿಗೆ ಇರುವುದೇ ಇಲ್ಲ, ವೇದಿಕೆಯ ಮುಂದೆ ಎರಡೇ ಮೈಕುಗಳನ್ನಿಟ್ಟು ಮಾಡಿದ ಮುದ್ರಣ ಸಿಕ್ಕಿದರೆ ಅದರಿಂದಲೇ ಪರೀಕ್ಷಿಸಿ.