ಮಧ್ಯಾಹ್ನದ ಊಟ ಬಿಟ್ಟ ಹುಡುಗಿ

ವಿಜಯಪುರದ ವಿದ್ಯಾರ್ಥಿನಿಲಯವೊಂದರಲ್ಲಿದ್ದು ಸ್ನಾತಕೋತ್ತರ ಪದವಿ ಓದುತ್ತಿರುವ 22 ವರ್ಷದ ವಿದ್ಯಾರ್ಥಿನಿ ನನ್ನ ಬಳಿ ಬಂದದ್ದು ರಾತ್ರಿ ನಿದ್ದೆ ಬರುತ್ತಿಲ್ಲವೆಂದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಅವಳನ್ನು ಇಲ್ಲಿ ಗಂಗಾ ಎಂದು ಕರೆದಿದ್ದೇನೆ. ತೂಕದ ಮಾತು ಅವಳಿಂದ ಹೊರಬಂದದ್ದು ಎರಡನೆಯ ಭೇಟಿಯಲ್ಲಿ, ಅದೂ ತಲೆ ತಗ್ಗಿಸಿಕೊಂಡು: "ಮೇಡಂ, ಮೆಸ್ಸಿನ್ಯಾಗ ಎಲ್ಲಾರ ಮುಂದ ಕುಂತು ಉಣ್ಣಾಕ ನಾಚಿಕಿ ಬರತೈತ್ರಿ."

ಎತ್ತರ 156 ಸೆಂಟಿಮೀಟರ್, ತೂಕ 71 ಕಿಲೋ. ಅಂದರೆ ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತಿಳಿಸುವ ದೇಹತೂಕ ಸೂಚ್ಯಂಕ (ಬಿಎಂಐ) ಸುಮಾರು 29. ಭಾರತೀಯರಿಗೆ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು ಎಂದು ಎಣಿಸಲಾಗುತ್ತದೆ, ಏಕೆಂದರೆ ನಮ್ಮಲ್ಲಿ ಕಡಿಮೆ ತೂಕದಲ್ಲಿಯೇ ಹೊಟ್ಟೆಯ ಸುತ್ತ ಕೊಬ್ಬು ಸೇರಿ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚುತ್ತದೆ. ಅವಳ ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪಗಾಗಿತ್ತು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಇವು ಆಪ್ತಸಲಹೆಯಿಂದ ಮಾತ್ರ ಬಗೆಹರಿಯುವಂಥವಲ್ಲವಾದ್ದರಿಂದ ಥೈರಾಯ್ಡ್, ರಕ್ತದ ಸಕ್ಕರೆ ಮತ್ತು ಅಂಡಾಶಯದ ತಪಾಸಣೆಗಾಗಿ ಮೊದಲು ವೈದ್ಯರ ಬಳಿ ಕಳಿಸಿದೆ. ಥೈರಾಯ್ಡ್ ಸರಿಯಿತ್ತು, ಪಿಸಿಓಎಸ್, ಅಂದರೆ ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ ಇದೆಯೆಂದು ವೈದ್ಯರು ತಿಳಿಸಿದರು.

ಅವಳ ದಿನಚರಿಯನ್ನು ಒಂದು ವಾರ ಬರೆಸಿದಾಗ ವಿಷಯ ಸ್ಪಷ್ಟವಾಯಿತು. ಅವ್ವ ಊರಿನಿಂದ ಬಸ್ಸಿನಲ್ಲಿ ಕಳಿಸುವ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ಗೆಳತಿಯರಿಗೆ ಹಂಚಿ, ಬೆಳಗಿನ ಉಪಾಹಾರವನ್ನೂ ಮಧ್ಯಾಹ್ನದ ಊಟವನ್ನೂ ಬಿಟ್ಟು, ರಾತ್ರಿ ಹನ್ನೊಂದರ ನಂತರ ಕೋಣೆಯಲ್ಲಿ ಒಬ್ಬಳೇ ಬಿಸ್ಕತ್ತು, ಖಾರಾ, ಚಿಪ್ಸ್ ತಿನ್ನುತ್ತ ಎರಡು ಗಂಟೆಯವರೆಗೆ ಮೊಬೈಲ್ ನೋಡುತ್ತಿದ್ದಳು. ಮರುದಿನ ಪಶ್ಚಾತ್ತಾಪದಿಂದ ಮತ್ತೆ ಉಪವಾಸ. ಫೋನು ಮಾಡಿದಾಗಲೆಲ್ಲ ಅವ್ವ ಕೇಳುತ್ತಿದ್ದ ಮೊದಲ ಪ್ರಶ್ನೆ, "ಸ್ವಲ್ಪರೆ ಇಳದಿಯೇನವಾ? ನೋಡಾಕ ಬರಾವ್ರು ಏನಂತಾರ?" ಆ ತಾಯಿಯ ಕಾಳಜಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಫೋನು ಇಟ್ಟ ರಾತ್ರಿಗಳಲ್ಲಿಯೇ ಗಂಗಾ ಅತಿ ಹೆಚ್ಚು ತಿಂದಿದ್ದಳೆಂಬುದು ಅವಳ ಟಿಪ್ಪಣಿಯಲ್ಲಿಯೇ ಇತ್ತು.

ಏನನ್ನು ಬಿಡಬೇಕೆಂದು ನಾನು ಮೊದಲು ಹೇಳಲಿಲ್ಲ. ಮಧ್ಯಾಹ್ನ ಒಂದೂವರೆಯೊಳಗೆ ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಸರು, ಜೊತೆಗೆ ಹಸಿ ಮೆಂತ್ಯ ಅಥವಾ ಉಳ್ಳಾಗಡ್ಡಿ ತಪ್ಪಲು. ಮೊದಲ ಹದಿನೈದು ದಿನ ಇಷ್ಟೇ, ಅದೂ ಒಬ್ಬ ಗೆಳತಿಯ ಜೊತೆ ಕುಳಿತು. ಶೇಂಗಾ ಚಟ್ನಿ ಒಂದು ಚಮಚ ಸಾಕು, ಅದರಲ್ಲಿ ಎಣ್ಣೆಯ ಅಂಶ ಹೆಚ್ಚು. ಆಮೇಲೆ ವಾರಕ್ಕೆ ಐದು ದಿನ ಮೂವತ್ತು ನಿಮಿಷದ ಬಿರುಸು ನಡಿಗೆ ಮತ್ತು ರಾತ್ರಿ ಹನ್ನೊಂದಕ್ಕೆ ಮೊಬೈಲನ್ನು ಕೋಣೆಯ ಇನ್ನೊಂದು ತುದಿಯಲ್ಲಿಡುವುದನ್ನು ಸೇರಿಸಿದೆವು, ಏಕೆಂದರೆ ನಿದ್ದೆಗೆಟ್ಟವರಿಗೆ ಹಸಿವೆ ಹೆಚ್ಚುತ್ತದೆ. ತೂಕ ನೋಡುವುದು ಹದಿನೈದು ದಿನಕ್ಕೊಮ್ಮೆ ಮಾತ್ರ. ಗುರಿಯನ್ನೂ ಚಿಕ್ಕದಾಗಿಟ್ಟೆ: ಈಗಿನ ತೂಕದ ಶೇಕಡಾ 5, ಅಂದರೆ ಸುಮಾರು ಮೂರೂವರೆ ಕಿಲೋ. ಪಿಸಿಓಎಸ್ ಇರುವ ಅನೇಕರಲ್ಲಿ ಅಷ್ಟು ಇಳಿದರೂ ಮುಟ್ಟು ಸರಿಹೋಗತೊಡಗುತ್ತದೆ.

ಗಂಗಾಳ ಒಪ್ಪಿಗೆ ಪಡೆದು ತಾಯಿಯೊಡನೆಯೂ ಮಾತನಾಡಿದೆ. ಮೂರು ತಿಂಗಳು ಫೋನಿನಲ್ಲಿ ತೂಕವನ್ನಾಗಲಿ ವರನ ವಿಷಯವನ್ನಾಗಲಿ ಎತ್ತಬಾರದೆಂದು ಕೇಳಿಕೊಂಡಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ನಾ ಹೇಳಿದ್ದು ಆಕಿಗೆ ಅಷ್ಟು ಹತ್ತಿತ್ತೇನ್ರಿ?" ಎಂದು ಕೇಳಿದರು.

ಹನ್ನೊಂದನೆಯ ವಾರದಲ್ಲಿ ತೂಕ 69 ಕಿಲೋಗೆ ಬಂದಿದೆ. ರಾತ್ರಿಯ ತಿನ್ನುವಿಕೆ ವಾರದಲ್ಲಿ ಒಂದೆರಡು ದಿನ ಇನ್ನೂ ಇದೆ, ಪರೀಕ್ಷೆ ಹತ್ತಿರವಾದಂತೆ ಹೆಚ್ಚಬಹುದು. ಮುಂದಿನ ಭೇಟಿಯನ್ನು ಆ ರಾತ್ರಿಗಳ ಕುರಿತು ಮಾತನಾಡಲೆಂದೇ ಇಟ್ಟುಕೊಂಡಿದ್ದೇವೆ. ಮೆಸ್ಸಿನಲ್ಲಿ ಈಗ ಮೂವರು ಗೆಳತಿಯರೊಡನೆ ಕುಳಿತು ಅವ್ವ ಕಳಿಸಿದ ರೊಟ್ಟಿಯನ್ನು ತಾನೂ ತಿನ್ನುತ್ತಾಳೆ.