ಸವೆದ ಬೆಡ್‌ಶೀಟು, ಗಂಟುಗಟ್ಟಿದ ಹಾಸಿಗೆ
ನಡುಭಾಗ ಸವೆದ ಬೆಡ್‌ಶೀಟುಗಳನ್ನೂ ಗಂಟುಗಟ್ಟಿದ ಹತ್ತಿ ಹಾಸಿಗೆಯನ್ನೂ ಏನು ಮಾಡಬಹುದೆಂದು ತಾವು ಕೇಳಿದ್ದೀರಿ. ಹಾಸಿಗೆಯ ಹತ್ತಿಯನ್ನು ಬಿಸಿಲಿಗೆ ಹಾಕಿ, ಹಿಂಜಿಸಿ, ಹೊಸ ಗವಸಿಗೆ ತುಂಬಿಸಿದರೆ ಅದು ಮತ್ತೆ ಬಳಕೆಗೆ ಬರುತ್ತದೆ. ಮುಗ್ಗಲು ಹಿಡಿದಿದ್ದರೆ ಮಾತ್ರ ಆಸೆ ಬಿಡಿ.

ಬೆಡ್‌ಶೀಟುಗಳಿಗೆ ನನ್ನ ಮಟ್ಟಿಗೆ ಕೌದಿಯೇ, ಅಂದರೆ ಹಳೆಯ ಬಟ್ಟೆಗಳನ್ನು ಸೇರಿಸಿ ಹೊಲಿದ ಹೊದಿಕೆಯೇ ಉತ್ತಮ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವಂತೆ, ಇವುಗಳ ಗಟ್ಟಿ ಅಂಚುಗಳನ್ನು ಕತ್ತರಿಸಿ ಹೊರಮೈಗೆ ಜೋಡಿಸಿ, ಸವೆದ ಭಾಗವನ್ನು ಒಳಪದರವಾಗಿಸಿ, ದಪ್ಪ ದಾರದಿಂದ ಸಾಲುಸಾಲಾಗಿ ಓಟದ ಹೊಲಿಗೆ (ರನ್ನಿಂಗ್ ಸ್ಟಿಚ್) ಹಾಕಬಹುದು. ಉಳಿದ ಚೂರುಗಳು ಒರೆಸುಬಟ್ಟೆಗಾದಾವು. ಪಾಲಿಯೆಸ್ಟರ್ ಬೆಡ್‌ಶೀಟು ನೀರನ್ನು ಅಷ್ಟಾಗಿ ಹೀರದ ಕಾರಣ, ಒರೆಸಲು ಸಲ್ಲದು. ಸಾಮಾನು ಮುಚ್ಚಲು ಇಟ್ಟುಕೊಳ್ಳಿ.